287 'ಬೇಡ', ಎರಡು ಸಹಿ: ಸ್ಕಾಟ್‌ಲೆಂಡಿನ ಚರ್ಚ್ ಒಡೆದದ್ದು ಹೇಗೆ

1834ರ ಡಿಸೆಂಬರ್. ಸ್ಕಾಟ್‌ಲೆಂಡಿನ ಪರ್ತ್‌ಶೈರ್ ಸೀಮೆಯಲ್ಲಿ ಆಕ್ಟರಾರ್ಡರ್ ಎಂಬ ಊರು. ಅಲ್ಲಿನ ಚರ್ಚಿನಲ್ಲಿ ಜನರ ಸಹಿಗಾಗಿ ಒಂದು ಕಾಗದ ಇಟ್ಟಿದ್ದಾರೆ. ಅದನ್ನು ಅವರು 'ಕರೆ' ಎನ್ನುತ್ತಾರೆ, ನಾವು ಕರೆಯೋಲೆ ಎನ್ನಬಹುದು. ರಾಬರ್ಟ್ ಯಂಗ್ ಎಂಬ ತರುಣ ಬೋಧಕರು ನಮ್ಮ ಸಭಾಪಾಲಕರಾಗಿ, ಅಂದರೆ ನಮ್ಮ ಚರ್ಚಿನ ಗುರುಗಳಾಗಿ, ಬರಲಿ ಎನ್ನುವುದು ಅದರ ಸಾರ. ಮೂರು ಸಾವಿರ ಚಿಲ್ಲರೆ ಜನರಿದ್ದ ಪ್ಯಾರಿಷ್, ಅಂದರೆ ಒಂದು ಚರ್ಚಿಗೆ ಸೇರಿದ ಸೀಮೆ, ಅದು. ಊರಿನ ಮನೆ ಯಜಮಾನರಲ್ಲಿ ಸಹಿ ಹಾಕಿದವರು ಇಬ್ಬರೇ. ಒಬ್ಬರು ಮೈಕಲ್ ಟಾಡ್, ಇನ್ನೊಬ್ಬರು ಪೀಟರ್ ಕ್ಲಾರ್ಕ್. ಇನ್ನೊಂದು ಸಹಿ ಇತ್ತು, ಅದು ಜಮೀನ್ದಾರರ ಪಾರುಪತ್ಯಗಾರನದು. ಅವನು ಆ ಊರಿನಲ್ಲಿ ವಾಸ ಇದ್ದವನೇ ಅಲ್ಲ.

ಬೇಡ ಎನ್ನುವವರ ಲೆಕ್ಕವನ್ನೂ ತೆಗೆದರು. ಪಟ್ಟಿಯಲ್ಲಿದ್ದ ಮನೆ ಯಜಮಾನರು 330. ಬೇಡ ಎಂದವರು 287.

ಇಷ್ಟಾದ ಮೇಲೆ ಆ ಮನುಷ್ಯ ಬೇರೆ ಊರು ನೋಡಿಕೊಂಡು ಹೋಗಿರಬೇಕು ಅಲ್ವಾ? ಹೋಗಲಿಲ್ಲ. ಕೋರ್ಟಿಗೆ ಹೋದರು, ಎಡಿನ್‌ಬರೋದಲ್ಲೂ ಗೆದ್ದರು, ಲಂಡನ್ನಿನಲ್ಲೂ ಗೆದ್ದರು. ಒಂಬತ್ತು ವರ್ಷ ಕಳೆಯುವುದರಲ್ಲಿ ಒಂದು ದೇಶದ ಇಡೀ ಚರ್ಚ್ ಎರಡು ಹೋಳಾಯಿತು. ಈ ಜಗಳವನ್ನು ಸಾಮಾನ್ಯವಾಗಿ ಹೇಳುವುದು ಒಳ್ಳೆಯ ಜನ, ಕೆಟ್ಟ ಜಮೀನ್ದಾರ ಎನ್ನುವ ಕಥೆಯ ಹಾಗೆ. ಕಾಗದಪತ್ರ ನೋಡಿದರೆ ಅಷ್ಟು ಸಲೀಸಾಗಿಲ್ಲ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಕಾನೂನಿನ ಲೆಕ್ಕದಲ್ಲಿ ಕೋರ್ಟ್ ಹೇಳಿದ್ದು ಸರಿ ಇತ್ತು, ಮತ್ತು ಚರ್ಚಿನ ಲೆಕ್ಕದಲ್ಲಿ ಜನ ಹೇಳಿದ್ದು ಸರಿ ಇತ್ತು. ತಪ್ಪಿದ್ದು ನಡುವೆ ನಿಂತ ಜನರಲ್ ಅಸೆಂಬ್ಲಿ.

ಮೊದಲು ಆ ಚರ್ಚಿನ ಏರ್ಪಾಡು ಸ್ವಲ್ಪ ಗೊತ್ತಿರಬೇಕು. ಪ್ರೆಸ್ಬಿಟೀರಿಯನ್ ಪದ್ಧತಿಯಲ್ಲಿ ಬಿಷಪ್ ಇಲ್ಲ. ಪ್ರೆಸ್ಬಿಟರ್ ಎಂದರೆ ಗ್ರೀಕಿನಲ್ಲಿ ಹಿರಿಯ, ಅಷ್ಟೇ. ಒಂದು ಊರಿನ ಸಭಾಪಾಲಕರು ಮತ್ತು ಹಿರಿಯರು ಸೇರಿದರೆ ಕರ್ಕ್ ಸೆಷನ್. ಸುತ್ತಲಿನ ಊರುಗಳ ಸಭಾಪಾಲಕರು, ಹಿರಿಯರು ಸೇರಿದರೆ ಪ್ರೆಸ್ಬಿಟರಿ. ಅದರ ಮೇಲೆ ಸಿನೊಡ್, ಎಲ್ಲದರ ಮೇಲೆ ವರ್ಷಕ್ಕೊಮ್ಮೆ ಕೂರುವ ಜನರಲ್ ಅಸೆಂಬ್ಲಿ. ಯಾರೂ ಒಬ್ಬರೇ ದೊರೆ ಅಲ್ಲ, ಎಲ್ಲವೂ ಕೂಟದ ತೀರ್ಮಾನ. ಒಬ್ಬ ಬೋಧಕನನ್ನು ಪರೀಕ್ಷಿಸಿ, ತಲೆಯ ಮೇಲೆ ಕೈಯಿಟ್ಟು ದೀಕ್ಷೆ ಕೊಟ್ಟು ಊರಿಗೆ ನೇಮಿಸುವುದು ಪ್ರೆಸ್ಬಿಟರಿಯ ಕೆಲಸ.

ಆದರೆ ಹೆಸರು ಸೂಚಿಸುವವರು ಯಾರು? ಇಲ್ಲೇ ಗಂಟು ಬಿದ್ದದ್ದು.

ಚರ್ಚ್ ಹೇಗೆ ನಡೆಯಬೇಕೆಂದು ಹೇಳುವ 1560ರ ಮೊದಲ ಶಿಸ್ತಿನ ಪುಸ್ತಕದಲ್ಲಿ ಮಾತು ನೇರವಾಗಿದೆ: ತಮ್ಮ ಸಭಾಪಾಲಕರನ್ನು ಆರಿಸಿಕೊಳ್ಳುವುದು ಆಯಾ ಸಭೆಯ ಜನರಿಗೆ ಸೇರಿದ್ದು. 1578ರ ಎರಡನೆಯ ಶಿಸ್ತಿನ ಪುಸ್ತಕ, ಆಂಡ್ರೂ ಮೆಲ್ವಿಲ್ ಮುಂದಾಳತ್ವದಲ್ಲಿ ಬಂದದ್ದು, ಇನ್ನೂ ಖಡಕ್ಕಾಗಿದೆ. ಸಭೆಯ ಮನಸ್ಸಿಗೆ ವಿರುದ್ಧವಾಗಿ ಯಾರನ್ನೂ ತುರುಕಬಾರದು ಎನ್ನುತ್ತದೆ, ಜಮೀನ್ದಾರರು ಹೆಸರು ಸೂಚಿಸುವ ಪದ್ಧತಿ ಪೋಪನ ಕಾಲದ ಕೊಳೆ ಎಂದೂ ಹೇಳುತ್ತದೆ. ಇದೇ ಮೆಲ್ವಿಲ್ 1596ರಲ್ಲಿ ಫಾಕ್ಲೆಂಡ್ ಅರಮನೆಯಲ್ಲಿ ಆರನೆಯ ಜೇಮ್ಸ್ ದೊರೆಯ ತೋಳು ಹಿಡಿದು, ಸ್ಕಾಟ್‌ಲೆಂಡಿನಲ್ಲಿ ಇಬ್ಬರು ರಾಜರಿದ್ದಾರೆ, ಕ್ರಿಸ್ತನ ರಾಜ್ಯದಲ್ಲಿ ನೀವು ರಾಜರಲ್ಲ, ಒಬ್ಬ ಸದಸ್ಯ ಮಾತ್ರ ಎಂದು ಮುಖಕ್ಕೇ ಹೇಳಿದವರು. ಆಮೇಲೆ ಬಂದ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸದ ಅರಿಕೆ (ಚರ್ಚಿನ ನಂಬಿಕೆಗಳನ್ನು ಬರೆದಿಟ್ಟ ಪತ್ರ), ಅದರ 30ನೆಯ ಅಧ್ಯಾಯದ ಮೊದಲ ಸಾಲು, ಇದನ್ನೇ ತಣ್ಣಗೆ ಹೇಳುತ್ತದೆ: ಸಭೆಯ ಅರಸನೂ ಶಿರಸ್ಸೂ ಆದ ಯೇಸು ಅದಕ್ಕೆ ತನ್ನದೇ ಆಡಳಿತ ಕೊಟ್ಟಿದ್ದಾನೆ, ಅದು ಸರ್ಕಾರದ ಅಧಿಕಾರಿಗಳಿಂದ ಬೇರೆಯಾದದ್ದು. 1690ರಲ್ಲಿ ಸ್ಕಾಟಿಷ್ ಪಾರ್ಲಿಮೆಂಟೇ ಈ ಅರಿಕೆಯನ್ನು ಕಾನೂನಾಗಿ ಒಪ್ಪಿತು.

ಪುಸ್ತಕಗಳ ಮಾತು ಹೀಗಿದ್ದರೆ ಕಾನೂನಿನ ಮಾತು ಬೇರೆ. 1592ರ ಕಾಯಿದೆಯನ್ನು ಪ್ರೆಸ್ಬಿಟೀರಿಯನ್ನರು ತಮ್ಮ ಹಕ್ಕುಪತ್ರ ಎಂದು ತಲೆಯ ಮೇಲೆ ಹೊತ್ತು ತಿರುಗುತ್ತಿದ್ದರು. ಪ್ರೆಸ್ಬಿಟರಿಗಳಿಗೆ ಅಧಿಕಾರ ಕೊಟ್ಟದ್ದು ಅದೇ. ಆದರೆ ಅದರ ಕೊನೆಯಲ್ಲೇ ಒಂದು ಮುಳ್ಳಿದೆ. ದೊರೆಯೋ ಧಣಿಯೋ (ಹೆಸರು ಸೂಚಿಸುವ ಹಕ್ಕಿದ್ದ ಜಮೀನ್ದಾರ) ಸೂಚಿಸಿದ 'ಅರ್ಹ' ಬೋಧಕನನ್ನು ಪ್ರೆಸ್ಬಿಟರಿ ಸ್ವೀಕರಿಸಲೇಬೇಕು. 1690ರಲ್ಲಿ ಧಣಿಗಳ ಈ ಹಕ್ಕು ಹೋಯಿತು. 1707ರಲ್ಲಿ ಇಂಗ್ಲೆಂಡ್ ಜೊತೆ ಒಂದಾದರು, ಐದು ವರ್ಷ ಕಳೆದದ್ದೇ ತಡ, 1712ರಲ್ಲಿ, ಲಂಡನ್ ಪಾರ್ಲಿಮೆಂಟು ಅದನ್ನು ವಾಪಸ್ ತಂದಿತು. ಅಸೆಂಬ್ಲಿ ವರ್ಷವರ್ಷವೂ ಇದರ ವಿರುದ್ಧ ಒಂದು ಸಾಲಿನ ಆಕ್ಷೇಪ ದಾಖಲಿಸುತ್ತಿತ್ತು. 1784ರಲ್ಲಿ ಅದನ್ನೂ ಕೈಬಿಟ್ಟಿತು. ಅಷ್ಟರಲ್ಲಿ ಎರಡು ಗುಂಪು ಹೊರಗೆ ಹೋಗಿ ಬೇರೆ ಸಭೆ ಕಟ್ಟಿಕೊಂಡಿದ್ದವು, ಒಂದು 1733ರಲ್ಲಿ, ಇನ್ನೊಂದು 1761ರಲ್ಲಿ.

ಈ ಧಣಿಯ ಹಕ್ಕು ಎಂಥದ್ದೆಂದರೆ, ಅದು ಆಸ್ತಿ. ಹೊಲ ಗದ್ದೆಯ ಹಾಗೆ ತಂದೆಯಿಂದ ಮಗನಿಗೆ ಬರುತ್ತದೆ, ಮಾರಲೂಬಹುದು. ಧಣಿ ಆ ಊರಿನಲ್ಲಿ ಇರಬೇಕಾಗಿಲ್ಲ, ಆ ಪಂಗಡದವನೇ ಆಗಿರಬೇಕಾಗಿಯೂ ಇಲ್ಲ. ಆಕ್ಟರಾರ್ಡರಿನ ಧಣಿ ಕಿನೂಲ್‌ನ ಅರ್ಲ್. 1834ರಲ್ಲಿ ಅಲ್ಲಿನ ಸ್ಥಾನ ಖಾಲಿಯಾದಾಗ ಅವರು ಕೊಟ್ಟ ಹೆಸರು ರಾಬರ್ಟ್ ಯಂಗ್.

ಹಾಗಾದರೆ ಕರೆಯೋಲೆ ಯಾಕೆ? ಅದು ಹಳೆಯ ಶಾಸ್ತ್ರ. ಧಣಿ ಹೆಸರು ಕೊಟ್ಟ ಮೇಲೂ ಜನ ಸಹಿ ಹಾಕಿ ಕರೆಯಬೇಕು ಅಂತ ಪದ್ಧತಿ ಉಳಿದುಕೊಂಡಿತ್ತು. ಎಷ್ಟು ಸಹಿ ಇದ್ದರೆ ಸಾಕು ಅಂತ ಎಲ್ಲೂ ಬರೆದಿರಲಿಲ್ಲ. ನಮ್ಮ ಹಿಂದಿನ ಕಾಲದ ಹೆಣ್ಣು ನೋಡುವ ಶಾಸ್ತ್ರ ನೆನಪಿಸಿಕೊಳ್ಳಿ. ಹಿರಿಯರು ಎಲ್ಲ ಮಾತಾಡಿ ಮುಗಿಸಿರುತ್ತಾರೆ, ಹುಡುಗಿ ತಟ್ಟೆ ಹಿಡಿದು ಬಂದು ಕೂರುತ್ತಾಳೆ, 'ಒಪ್ಪಿಗೆನಾ' ಅಂತ ಯಾರೋ ಕೇಳುತ್ತಾರೆ, ತಲೆ ತಗ್ಗಿಸಿದ್ದನ್ನೇ ಹೂಂ ಎಂದು ಹಿಡಿಯುತ್ತಾರೆ. ಒಂದು ದಿನ ಆ ಹುಡುಗಿ ತಲೆಯೆತ್ತಿ 'ಇಲ್ಲ' ಎಂದರೆ? ಆಕ್ಟರಾರ್ಡರಿನಲ್ಲಿ ಆದದ್ದು ಅದೇ.

ಹಾಗೆ ಹೇಳುವ ಧೈರ್ಯ ಬಂದದ್ದು ಅದೇ ವರ್ಷದ ಮೇ ತಿಂಗಳಲ್ಲಿ ಅಸೆಂಬ್ಲಿ ಮಾಡಿದ ಒಂದು ಹೊಸ ನಿಯಮದಿಂದ. ಅದನ್ನು ವೀಟೊ ಕಾಯಿದೆ ಎಂದು ಕರೆಯುತ್ತಾರೆ. 1833ರಲ್ಲಿ ಚರ್ಚಿನ ಮುಂದಾಳು ಥಾಮಸ್ ಚಾಮರ್ಸ್ ಇಂಥದ್ದೇ ಒಂದು ಗೊತ್ತುವಳಿ ತಂದು ಸ್ವಲ್ಪದರಲ್ಲಿ ಸೋತಿದ್ದರು. ಮರುವರ್ಷ ಲಾರ್ಡ್ ಮಾಂಕ್ರೀಫ್ ತಂದರು, 184ಕ್ಕೆ 138 ಮತಗಳಲ್ಲಿ ಪಾಸಾಯಿತು. ಮನೆ ಯಜಮಾನರಾದ ಗಂಡಸರು, ಕರ್ತನ ಭೋಜನದಲ್ಲಿ (ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ವಿಧಿ) ಪಾಲು ತೆಗೆದುಕೊಳ್ಳುವ ಸದಸ್ಯರು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬೇಡ ಎಂದರೆ ಪ್ರೆಸ್ಬಿಟರಿ ಆ ಹೆಸರನ್ನು ತಳ್ಳಿಹಾಕಬೇಕು. ಕಾರಣ ಹೇಳಬೇಕಿಲ್ಲ. ದ್ವೇಷದಿಂದ ಅಲ್ಲ, ಮನಸ್ಸಾಕ್ಷಿಯಿಂದ ಬೇಡ ಎನ್ನುತ್ತಿದ್ದೇನೆ ಅಂತ, ಕೇಳಿದರೆ, ಪ್ರೆಸ್ಬಿಟರಿಯ ಎದುರು ಪ್ರಮಾಣ ಮಾಡಿ ಹೇಳಿದರೆ ಸಾಕು. ಹೆಂಗಸರನ್ನು ಲೆಕ್ಕಕ್ಕೇ ಹಿಡಿಯಲಿಲ್ಲ, ಚರ್ಚಿನ ಬೆಂಚುಗಳಲ್ಲಿ ಅವರೇ ಎಷ್ಟು ಮಂದಿ ಕೂತಿದ್ದರೂ ಅಷ್ಟೇ.

ಈ ನಿಯಮ ನನಗೆ ಅರೆಬೆಂದ ಅನ್ನದ ಹಾಗೆ ಕಾಣುತ್ತದೆ. ಧಣಿಯ ಹಕ್ಕು ಬೇಡವೆಂದರೆ ಪಾರ್ಲಿಮೆಂಟಿನ ಮುಂದೆ ಹೋಗಿ ಅದನ್ನು ತೆಗೆಸಬೇಕಿತ್ತು. ಅದು ಆಗುವಂಥದ್ದಲ್ಲ ಅಂತ ಗೊತ್ತಿತ್ತು. ಅದಕ್ಕೇ ಹಕ್ಕು ಹಾಗೇ ಇರಲಿ, ಅದರ ಬಾಗಿಲಿಗೆ ನಾವೊಂದು ಚಿಲಕ ಹಾಕೋಣ ಎಂದು ಹೊರಟರು. ಚಿಲಕ ಹಾಕಿದ್ದು ಇನ್ನೊಬ್ಬರ ಮನೆಗೆ.

ಅರ್ಲ್ ಮತ್ತು ಯಂಗ್ ಹಿಡಿದದ್ದು ಇದನ್ನೇ. ವಿಷಯ ಮೊದಲು ಚರ್ಚಿನ ಒಳಗಿನ ಮೆಟ್ಟಿಲುಗಳನ್ನು ಹತ್ತಿ ಅಸೆಂಬ್ಲಿಯ ತನಕ ಹೋಯಿತು, ಮತ್ತೆ ಕೆಳಗೆ ಬಂತು. 1835ರ ಜುಲೈ 7ರಂದು ಪ್ರೆಸ್ಬಿಟರಿ ಯಂಗ್ ಅವರನ್ನು ತಿರಸ್ಕರಿಸಿತು. ಅವರ ವಿದ್ಯೆಯನ್ನು ಪರೀಕ್ಷಿಸಲೇ ಇಲ್ಲ, ಜನ ಬೇಡ ಎಂದರು, ಮುಗಿಯಿತು. ಇದು ಮುಖ್ಯವಾದ ಮಾತು. ಪರೀಕ್ಷೆ ಮಾಡಿ ಫೇಲ್ ಮಾಡಿದ್ದರೆ ಯಾವ ಕೋರ್ಟೂ ಮಾತಾಡುತ್ತಿರಲಿಲ್ಲ.

(ಅಂದಹಾಗೆ ಈ ಪ್ರೆಸ್ಬಿಟರಿಗೆ ಸುದ್ದಿಯಾಗುವುದು ಹೊಸತಲ್ಲ. 1717ರಲ್ಲಿ ಒಬ್ಬ ವಿದ್ಯಾರ್ಥಿಯನ್ನು ಪರೀಕ್ಷಿಸುವಾಗ, ಕ್ರಿಸ್ತನ ಬಳಿ ಬರಬೇಕಾದರೆ ಮೊದಲು ಪಾಪ ಬಿಡಬೇಕು ಎಂದು ಬೋಧಿಸುವುದು ಸರಿಯಲ್ಲ ಎಂಬ ಹೇಳಿಕೆಯನ್ನು ಒಪ್ಪಬೇಕೆಂದು ಪಟ್ಟು ಹಿಡಿದು ಅಸೆಂಬ್ಲಿಯಿಂದ ಬೈಸಿಕೊಂಡಿತ್ತು. ಅದಕ್ಕೆ 'ಆಕ್ಟರಾರ್ಡರ್ ಕ್ರೀಡ್', ಅಂದರೆ ಆಕ್ಟರಾರ್ಡರಿನ ವಿಶ್ವಾಸಸೂತ್ರ, ಎಂದೇ ಹೆಸರು ಬಿತ್ತು.)

ಸ್ಕಾಟ್‌ಲೆಂಡಿನ ಅತಿ ಎತ್ತರದ ಸಿವಿಲ್ ಕೋರ್ಟಾದ ಎಡಿನ್‌ಬರೋದ ಕೋರ್ಟ್ ಆಫ್ ಸೆಷನ್ನಿನಲ್ಲಿ 13 ನ್ಯಾಯಾಧೀಶರೂ ಒಟ್ಟಿಗೆ ಕೂತರು. ಆ ಕೋರ್ಟ್ ಹಾಲನ್ನು ಸ್ವಲ್ಪ ಕಣ್ಣ ಮುಂದೆ ತಂದುಕೊಳ್ಳಿ. ಮಧ್ಯದಲ್ಲಿ ಲಾರ್ಡ್ ಪ್ರೆಸಿಡೆಂಟ್ ಚಾರ್ಲ್ಸ್ ಹೋಪ್. ಅವರ ಎದುರು ಯಂಗ್ ಪರವಾಗಿ ವಾದಿಸಲು ನಿಂತ ವಕೀಲ ಜಾನ್ ಹೋಪ್, ಅವರ ಸ್ವಂತ ಮಗ. ಪೀಠದಲ್ಲೇ ಇನ್ನೊಂದು ಕಡೆ ಲಾರ್ಡ್ ಮಾಂಕ್ರೀಫ್, ಅಂದರೆ ವೀಟೊ ಗೊತ್ತುವಳಿ ತಂದ ಅದೇ ಮಾಂಕ್ರೀಫ್, ತಾವೇ ಮಂಡಿಸಿದ ನಿಯಮ ಕಾನೂನುಬದ್ಧವೋ ಅಲ್ಲವೋ ಅಂತ ತೀರ್ಪು ಕೊಡಲು ಕೂತಿದ್ದಾರೆ. ಇವತ್ತಾಗಿದ್ದರೆ ಇಬ್ಬರೂ ಪೀಠದಿಂದ ಇಳಿಯಬೇಕಾಗುತ್ತಿತ್ತು. ಆಗ ಯಾರೂ ಇಳಿಯಲಿಲ್ಲ. ಸ್ಕಾಟ್‌ಲೆಂಡ್ ಸಣ್ಣ ದೇಶ, ಎಲ್ಲರೂ ಎಲ್ಲರಿಗೂ ಏನಾದರೊಂದು ಆಗಬೇಕು.

1838ರ ಮಾರ್ಚ್ 8ರಂದು ತೀರ್ಪು ಬಂತು. 8ಕ್ಕೆ 5. ಯಂಗ್ ಗೆದ್ದರು. ಸೋತ ಐವರಲ್ಲಿ ಮಾಂಕ್ರೀಫ್, ಜೆಫ್ರಿ, ಕೋಬರ್ನ್ ಇದ್ದರು.

ಬಹುಮತದ ವಾದ ಒಂದೇ ಪದದ ಮೇಲೆ ನಿಂತಿತ್ತು: 'ಅರ್ಹ'. ಕಾಯಿದೆಯ ಪ್ರಕಾರ ಪ್ರೆಸ್ಬಿಟರಿ ನೋಡಬೇಕಾದ್ದು ಬೋಧಕನ ನಡತೆ, ವಿದ್ಯೆ, ಬೋಧನೆ. ಜನಕ್ಕೆ ಇಷ್ಟವಾಗುವುದು ಅರ್ಹತೆಯೊಳಗೆ ಬರುವುದಿಲ್ಲ. ಪಾರ್ಲಿಮೆಂಟು ಕೊಟ್ಟ ಆಸ್ತಿಯ ಹಕ್ಕನ್ನು ಅಸೆಂಬ್ಲಿ ತನ್ನ ನಿಯಮದಿಂದ ಕಿತ್ತುಕೊಳ್ಳುವ ಹಾಗಿಲ್ಲ. ಇನ್ನೊಂದು ಕಡೆಯ ಐವರು ಹೇಳಿದ್ದು, ಅರ್ಹತೆ ಎಂದರೆ ಆ ಊರಿಗೆ, ಆ ಸಭೆಗೆ ಹೊಂದುವುದೂ ಸೇರುತ್ತದೆ, ಅದನ್ನು ತೂಗಬೇಕಾದ್ದು ಚರ್ಚೇ, ಕೋರ್ಟಲ್ಲ. ನನಗೆ ಮನಸ್ಸಿಗೆ ಹತ್ತಿರವಾಗುವುದು ಇವರ ಮಾತು. ಆದರೆ 1592ರ ಮತ್ತು 1712ರ ಸಾಲುಗಳನ್ನು ಪಕ್ಕದಲ್ಲಿಟ್ಟು ಓದಿದರೆ ಆ ಎಂಟು ಜನರನ್ನು ಬೈಯುವುದು ಕಷ್ಟ.

ಬೈಯಬೇಕಾದ್ದು ಲಾರ್ಡ್ ಪ್ರೆಸಿಡೆಂಟರ ನಾಲಗೆಯನ್ನು. ಇಷ್ಟಕ್ಕೇ ನಿಲ್ಲಿಸಿದ್ದರೆ ಇದೊಂದು ಆಸ್ತಿ ವ್ಯಾಜ್ಯವಾಗಿ ಮುಗಿಯುತ್ತಿತ್ತೋ ಏನೋ. ಅವರು ಮುಂದೆ ಹೋಗಿ, ಲೌಕಿಕ ಅರ್ಥದಲ್ಲಾಗಲಿ ಶಾಸನ, ನ್ಯಾಯದ ಅರ್ಥದಲ್ಲಾಗಲಿ ಕ್ರಿಸ್ತನು ಸ್ಕಾಟ್‌ಲೆಂಡ್ ಚರ್ಚಿನ ಶಿರಸ್ಸು ಎನ್ನುವುದು ಅಸಂಬದ್ಧ, ಅದರ ಲೌಕಿಕ ಶಿರಸ್ಸು ಪಾರ್ಲಿಮೆಂಟು, ಅದರ ಅಧಿಕಾರವೆಲ್ಲ ಅಲ್ಲಿಂದಲೇ ಬಂದದ್ದು ಎಂದುಬಿಟ್ಟರು. ಚಿಕ್ಕಂದಿನಿಂದ ವೆಸ್ಟ್‌ಮಿನ್‌ಸ್ಟರ್ ಪ್ರಶ್ನೋತ್ತರವನ್ನು ಬಾಯಿಪಾಠ ಮಾಡಿಕೊಂಡು ಬೆಳೆದ ಜನ ಅವರು. ಅರಿಕೆಯ 30ನೆಯ ಅಧ್ಯಾಯವನ್ನು ನ್ಯಾಯಾಧೀಶರು ಮುಖದ ಮೇಲೆ ಹರಿದು ಎಸೆದ ಹಾಗಾಯಿತು. ಅಲ್ಲಿಂದ ಮುಂದೆ ಯಂಗ್ ಯಾರು, ಆಕ್ಟರಾರ್ಡರ್ ಎಲ್ಲಿ ಎನ್ನುವುದು ಹಿಂದೆ ಬಿತ್ತು.

ಅಪೀಲು ಲಂಡನ್ನಿಗೆ ಹೋಯಿತು. 1839ರ ಮೇ ತಿಂಗಳಲ್ಲಿ ಹೌಸ್ ಆಫ್ ಲಾರ್ಡ್ಸ್ (ಪಾರ್ಲಿಮೆಂಟಿನ ಮೇಲ್ಮನೆ, ಆಗ ಕೊನೆಯ ಅಪೀಲು ಕೇಳುತ್ತಿದ್ದದ್ದು ಅದೇ) ಕೆಳಗಿನ ತೀರ್ಪನ್ನೇ ಎತ್ತಿಹಿಡಿಯಿತು. ತೀರ್ಪು ಕೊಟ್ಟವರಲ್ಲಿ ಒಬ್ಬರು ಲಾರ್ಡ್ ಬ್ರೂಮ್, 1834ರಲ್ಲಿ ಲಾರ್ಡ್ ಚಾನ್ಸಲರ್ ಆಗಿದ್ದಾಗ ಇದೇ ವೀಟೊ ಬಗ್ಗೆ ಒಳ್ಳೆಯ ಮಾತಾಡಿದ್ದವರು. ಈಗ ಅವರಿಗೆ ಜನರ ಕರೆ ಎಂದರೆ ರಾಜನ ಪಟ್ಟಾಭಿಷೇಕದಲ್ಲಿ ಜನರನ್ನು ಕೇಳುವ ಹಾಗೆ, ಬರೀ ಶಾಸ್ತ್ರ. ಇದನ್ನು ಓದಿ ಸಿಟ್ಟಾದವರಲ್ಲಿ ಕ್ರೋಮಾರ್ಟಿ ಊರಿನ ಹ್ಯೂ ಮಿಲ್ಲರ್ ಒಬ್ಬರು. ಕಲ್ಲು ಕಡಿಯುವ ಕೆಲಸ ಮಾಡಿ ಆಮೇಲೆ ಬ್ಯಾಂಕಿನಲ್ಲಿ ಲೆಕ್ಕ ಬರೆಯುತ್ತಿದ್ದ ಮನುಷ್ಯ. ಬ್ರೂಮ್‌ಗೆ ಒಂದು ಬಹಿರಂಗ ಪತ್ರ ಬರೆದರು. ಅದು ಎಷ್ಟು ಚೆನ್ನಾಗಿತ್ತೆಂದರೆ ಚರ್ಚಿನ ಪರ ಹೊಸದಾಗಿ ಶುರುವಾಗಲಿದ್ದ 'ವಿಟ್ನೆಸ್' ಪತ್ರಿಕೆಗೆ ಅವರನ್ನೇ ಸಂಪಾದಕರನ್ನಾಗಿ ಕರೆಸಿಕೊಂಡರು.

ತೀರ್ಪು ಬಂದ ಮೇಲೆ ಚಾಮರ್ಸ್ ಅಸೆಂಬ್ಲಿಯಲ್ಲಿ ಒಂದು ದಾರಿ ಹೇಳಿದರು, ಅದು ಪಾಸೂ ಆಯಿತು. ಆಕ್ಟರಾರ್ಡರಿನ ಸಂಬಳ, ಮನೆ, ಉಂಬಳಿ ಜಮೀನು, ಇವುಗಳ ಬಗ್ಗೆ ಕೋರ್ಟ್ ಹೇಳಿದ ಹಾಗೆ ಆಗಲಿ, ನಾವು ತಕರಾರು ಮಾಡುವುದಿಲ್ಲ. ಆದರೆ ತಲೆಯ ಮೇಲೆ ಕೈಯಿಟ್ಟು ದೀಕ್ಷೆ ಕೊಡು ಎಂದು ಯಾವ ಕೋರ್ಟೂ ನಮಗೆ ಆಜ್ಞೆ ಮಾಡುವ ಹಾಗಿಲ್ಲ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಧಣಿಯ ಕಡೆಯಿಂದ ನೋಡಿ: ಸಂಬಳ ತಗೋ ಆದರೆ ಕೆಲಸ ಕೊಡಲ್ಲ ಎಂದ ಹಾಗೆ. ಸರ್ಕಾರದ ಮಾನ್ಯತೆ ಬೇಕು, ಸರ್ಕಾರದ ಕಾಯಿದೆಯಿಂದ ಬರುವ ಸಂಬಳ ಬೇಕು, ಅದರ ಷರತ್ತು ಮಾತ್ರ ಬೇಡ. ಇದನ್ನು ಎದುರಾಳಿಗಳು ಆಗಲೇ ಎತ್ತಿ ತೋರಿಸಿದ್ದರು.

ಯಂಗ್ ಮತ್ತು ಅರ್ಲ್ ಮತ್ತೆ ಕೋರ್ಟಿಗೆ ಹೋದರು, ಈ ಸಲ ನಷ್ಟಪರಿಹಾರ ಕೇಳಿಕೊಂಡು. 1842ರಲ್ಲಿ ಲಾರ್ಡ್ಸ್ ಅದನ್ನೂ ಒಪ್ಪಿತು. ತಿರಸ್ಕರಿಸಿದ ಪ್ರೆಸ್ಬಿಟರಿ ಸದಸ್ಯರು ತಮ್ಮ ಸ್ವಂತ ಜೇಬಿನಿಂದ ಹಣ ತೆರಬೇಕಾಗಬಹುದು ಎಂದಾಯಿತು. ಹಳ್ಳಿಯ ಸಭಾಪಾಲಕರ ಮಟ್ಟಿಗೆ ಇದು ಸಿದ್ಧಾಂತದ ಪ್ರಶ್ನೆಯಾಗಿ ಉಳಿಯಲಿಲ್ಲ, ಮನೆಯ ಪಾತ್ರೆ ಪಗಡದ ಪ್ರಶ್ನೆಯಾಯಿತು.

ಈ ಮಧ್ಯೆ ಉತ್ತರದ ಮಾರ್ನಾಕ್ ಎಂಬ ಊರಿನಲ್ಲಿ ಇದೇ ನಾಟಕ ಇನ್ನೂ ಕೆಟ್ಟದಾಗಿ ನಡೆಯಿತು. ಅಲ್ಲಿ ಜಾನ್ ಎಡ್ವರ್ಡ್ಸ್ ಎಂಬುವರ ಕರೆಗೆ ಸಹಿ ಹಾಕಿದ ಮನೆ ಯಜಮಾನ ಒಬ್ಬನೇ, ಪೀಟರ್ ಟೇಲರ್. ಪ್ರೆಸ್ಬಿಟರಿಯವರು ಊಟ ಮಾಡುತ್ತಿದ್ದ ಹೆಂಡದಂಗಡಿಯ ಮಾಲೀಕ! ಅಲ್ಲಿನ ಪ್ರೆಸ್ಬಿಟರಿಯ ಏಳು ಜನ ಸಭಾಪಾಲಕರು ಅಸೆಂಬ್ಲಿಯ ಮಾತು ಬಿಟ್ಟು ಕೋರ್ಟಿನ ಮಾತು ಕೇಳಿದರು. 1841ರ ಜನವರಿ 21, ಮೊಣಕಾಲುದ್ದ ಹಿಮ. ಆದರೂ ಚರ್ಚು ಕಿಕ್ಕಿರಿದಿತ್ತು. ಊರಿನವರ ಆಕ್ಷೇಪಣೆಯನ್ನು ಓದಿದರು. ಓದಿ ಮುಗಿದ ಮೇಲೆ ಆ ಪ್ಯಾರಿಷಿನ ಜನ, ಮುದುಕರೂ ಸೇರಿ, ಬೆಂಚಿನ ಮೇಲಿದ್ದ ತಮ್ಮ ತಮ್ಮ ಬೈಬಲ್ಲುಗಳನ್ನು ಎತ್ತಿಕೊಂಡು ಎದ್ದು ಹೊರಗೆ ಹೋದರು. ಗಲಾಟೆ ಮಾಡಿದ್ದು ಬೇರೆ ಊರುಗಳಿಂದ ನೋಡಲು ಬಂದವರು. ಆ ಊರಿನವರೇ ಇಲ್ಲದ ಚರ್ಚಿನಲ್ಲಿ ಆ ಊರಿನ ಸಭಾಪಾಲಕರಿಗೆ ದೀಕ್ಷೆಯಾಯಿತು. ಆ ಏಳು ಜನರನ್ನು ಅಸೆಂಬ್ಲಿ ಕೆಲಸದಿಂದ ತೆಗೆಯಿತು, ಕೋರ್ಟ್ ಅವರ ಪರ ನಿಂತಿತು. ಎರಡು ಸರ್ಕಾರ ಒಂದೇ ಚರ್ಚಿನಲ್ಲಿ.

1842ರಲ್ಲಿ ಅಸೆಂಬ್ಲಿ ತನ್ನ ಹಕ್ಕುಗಳ ದೊಡ್ಡ ಮನವಿ ಬರೆದು ಲಂಡನ್ನಿಗೆ ಕಳಿಸಿತು. 1843ರ ಮಾರ್ಚಿನಲ್ಲಿ ಹೌಸ್ ಆಫ್ ಕಾಮನ್ಸ್ ಅದನ್ನು 211ಕ್ಕೆ 76 ಮತಗಳಿಂದ ಬದಿಗಿಟ್ಟಿತು. ಸ್ಕಾಟಿಷ್ ಸದಸ್ಯರಲ್ಲಿ ಹೆಚ್ಚಿನವರು ಚರ್ಚಿನ ಪರವೇ ಇದ್ದರು. ಲೆಕ್ಕ ನಡೆದದ್ದು ಇಂಗ್ಲಿಷ್ ಮತಗಳಿಂದ.

ಮೇ 18ರಂದು ಎಡಿನ್‌ಬರೋದ ಜಾರ್ಜ್ ಸ್ಟ್ರೀಟಿನ ಸೇಂಟ್ ಆಂಡ್ರೂ ಚರ್ಚಿನಲ್ಲಿ ಅಸೆಂಬ್ಲಿ ಕೂಡಿತು. ಅಸೆಂಬ್ಲಿಯ ಅಧ್ಯಕ್ಷ, ಅಂದರೆ ಮಾಡರೇಟರ್, ಡೇವಿಡ್ ವೆಲ್ಷ್ ಪ್ರಾರ್ಥನೆ ಮಾಡಿದರು. ಹಾಜರಿ ಕರೆಯುವ ಬದಲು ಒಂದು ಪ್ರತಿಭಟನಾ ಪತ್ರ ಓದಿದರು, ಮೇಜಿನ ಮೇಲಿಟ್ಟರು, ರಾಣಿಯ ಪ್ರತಿನಿಧಿಗೆ ತಲೆಬಾಗಿ ನಮಸ್ಕರಿಸಿ ಬಾಗಿಲ ಕಡೆ ನಡೆದರು. ಹಿಂದೆ ಚಾಮರ್ಸ್. ಅವರ ಹಿಂದೆ ಸಾಲುಸಾಲಾಗಿ ಬೆಂಚುಗಳು ಖಾಲಿಯಾದವು. ಬೀದಿಯ ಇಳಿಜಾರಿನಲ್ಲಿ ಕ್ಯಾನನ್‌ಮಿಲ್ಸ್ ತನಕ ನಡೆದುಹೋಗಿ ಟ್ಯಾನ್‌ಫೀಲ್ಡ್ ಹಾಲಿನಲ್ಲಿ ಹೊಸ ಸಭೆ ಸೇರಿದರು, ಫ್ರೀ ಚರ್ಚ್ ಆಫ್ ಸ್ಕಾಟ್‌ಲೆಂಡ್. ಸುಮಾರು 1200 ಸಭಾಪಾಲಕರಲ್ಲಿ 470ಕ್ಕೂ ಹೆಚ್ಚು ಜನ ಸಂಬಳ, ಮನೆ, ಉಂಬಳಿ ಎಲ್ಲ ಬಿಟ್ಟುಕೊಟ್ಟು ಸಹಿ ಹಾಕಿದರು. ತೀರ್ಪಿನಲ್ಲಿ ಸೋತಿದ್ದ ನ್ಯಾಯಾಧೀಶ ಜೆಫ್ರಿಗೆ ಮನೆಯಲ್ಲಿ ಓದುತ್ತಾ ಕೂತಾಗ ಈ ಸುದ್ದಿ ಮುಟ್ಟಿತಂತೆ, ಪುಸ್ತಕ ಬಿಸಾಕಿ ಎದ್ದು ನಿಂತು ನನ್ನ ದೇಶದ ಬಗ್ಗೆ ಹೆಮ್ಮೆಯಾಗುತ್ತಿದೆ ಎಂದರಂತೆ.

ಹೊರಗೆ ಬಂದ ದಿನವೂ ಚಾಮರ್ಸ್ ಹೇಳಿದ್ದು, ಸರ್ಕಾರ ಧರ್ಮಕ್ಕೆ ಆಸರೆ ಕೊಡಬೇಕು ಎನ್ನುವ ತತ್ವವನ್ನು ನಾವು ಬಿಟ್ಟಿಲ್ಲ, ಕೆಟ್ಟುಹೋದ ಏರ್ಪಾಡನ್ನು ಬಿಟ್ಟಿದ್ದೇವೆ ಅಷ್ಟೇ ಅಂತ. ನನಗೆ ಇದು ಸ್ವಲ್ಪ ಆಶ್ಚರ್ಯ. ಯಾಕೆಂದರೆ ಅದೇ ಮನುಷ್ಯ ಸರ್ಕಾರದ ಒಂದು ಕಾಸೂ ಇಲ್ಲದೆ ಚರ್ಚ್ ನಡೆಸುವ ಏರ್ಪಾಡನ್ನು ಕಟ್ಟಿ ತೋರಿಸಿದರು. ಊರೂರಿನಲ್ಲಿ ಕಲೆಕ್ಟರುಗಳು, ವಾರಕ್ಕೊಂದು ಪೆನ್ನಿ, ಎಲ್ಲವೂ ಒಂದೇ ನಿಧಿಗೆ, ಅದರಿಂದ ಎಲ್ಲ ಸಭಾಪಾಲಕರಿಗೂ ಒಂದೇ ಸಮನಾದ ಪಾಲು. ಶ್ರೀಮಂತ ಸಭೆ ಬಡ ಹಳ್ಳಿಯ ಸಭೆಯನ್ನು ಹೊತ್ತುಕೊಂಡಿತು.

ಜಾಗ ಮಾತ್ರ ದುಡ್ಡು ಕೊಟ್ಟರೂ ಸಿಗಲಿಲ್ಲ. ಭೂಮಿ ಅದೇ ಧಣಿಗಳದು ಅಲ್ವಾ. ಸ್ಟ್ರಾಂಶಿಯನ್ ಎಂಬಲ್ಲಿ ಜಮೀನ್ದಾರ ಚರ್ಚು ಕಟ್ಟಲು ಒಂದು ಚೂರೂ ನೆಲ ಕೊಡಲಿಲ್ಲ. ಅಲ್ಲಿನ ಜನ ಕ್ಲೈಡ್ ನದಿಯ ಹಡಗುಕಟ್ಟೆಯಲ್ಲಿ ಕಬ್ಬಿಣದ ತೇಲುವ ಚರ್ಚು ಕಟ್ಟಿಸಿ, 1846ರಲ್ಲಿ ಎಳೆಸಿಕೊಂಡು ಬಂದು ಲಾಕ್ ಸೂನಾರ್ಟ್ ನೀರಿನಲ್ಲಿ ಲಂಗರು ಹಾಕಿದರು. ದೋಣಿಯಲ್ಲಿ ಹೋಗಿ ಆರಾಧನೆ ಮಾಡಿ ದೋಣಿಯಲ್ಲಿ ಬರುವುದು. ನೂರು ಜನ ಹತ್ತಿದರೆ ಒಂದು ಇಂಚು ಮುಳುಗುತ್ತಿತ್ತಂತೆ. ಹಾಗಾಗಿ ಯಾರ ಪ್ರಸಂಗಕ್ಕೆ ಎಷ್ಟು ಜನ ಬಂದರು ಅಂತ ದಡದಿಂದಲೇ ಗೊತ್ತಾಗುತ್ತಿತ್ತು.

ಈ ಬಿರುಕು ನಮ್ಮ ದೇಶಕ್ಕೂ ಬಂತು. ಭಾರತದಲ್ಲಿದ್ದ ಆ ಚರ್ಚಿನ ಮಿಷನರಿಗಳೆಲ್ಲ ಫ್ರೀ ಚರ್ಚಿನ ಕಡೆ ಹೋದರು. ಕಲ್ಕತ್ತೆಯಲ್ಲಿ ಅಲೆಕ್ಸಾಂಡರ್ ಡಫ್ ತಾವೇ ಕಟ್ಟಿದ ಕಾಲೇಜಿನ ಕಟ್ಟಡ, ಪುಸ್ತಕ, ಉಪಕರಣ ಎಲ್ಲ ಬಿಟ್ಟು ಇನ್ನೊಂದು ಕಡೆ ಮೊದಲಿನಿಂದ ಶುರುಮಾಡಿದರು. ಬೊಂಬಾಯಿಯ ವಿಲ್ಸನ್ ಕಾಲೇಜು, ಮದರಾಸಿನ ಕ್ರಿಶ್ಚಿಯನ್ ಕಾಲೇಜು ಬೆಳೆದದ್ದು ಈ ಕಡೆಯ ಕೈಯಲ್ಲೇ. ಇನ್ನು ಪ್ರೆಸ್ಬಿಟೀರಿಯನ್ ಹೊಳೆಯ ಒಂದು ಕವಲು 1908ರ ದಕ್ಷಿಣ ಭಾರತ ಐಕ್ಯ ಸಭೆಯ ಮೂಲಕ 1947ರ ಸಿಎಸ್ಐಗೆ (ಚರ್ಚ್ ಆಫ್ ಸೌತ್ ಇಂಡಿಯಾ) ಬಂದು ಸೇರಿತು. ಬಿಷಪ್ ಇರುವ ಆ ಸಭೆಯಲ್ಲೂ, ನಮ್ಮ ಕನ್ನಡ ಸಭೆಗಳೂ ಸೇರಿ, ಸಭಾಪಾಲಕರನ್ನು ಪ್ರೆಸ್ಬಿಟರ್ ಎಂದು ಕರೆಯುವುದು ಇದೆ.

ಧಣಿಯ ಹಕ್ಕನ್ನು ಪಾರ್ಲಿಮೆಂಟು 1874ರಲ್ಲಿ ತೆಗೆದುಹಾಕಿತು. ಚರ್ಚಿನ ಆಧ್ಯಾತ್ಮಿಕ ವಿಷಯಗಳಲ್ಲಿ ಚರ್ಚಿನದೇ ಕೊನೆಯ ಮಾತು ಎಂದು 1921ರ ಕಾಯಿದೆಯಲ್ಲಿ ಒಪ್ಪಿಕೊಂಡಿತು. 1929ರಲ್ಲಿ ಒಡೆದವರಲ್ಲಿ ಹೆಚ್ಚಿನವರು ಮತ್ತೆ ಒಂದಾದರು.

ಇನ್ನು ರಾಬರ್ಟ್ ಯಂಗ್. ಬೇಡ ಎನ್ನುವವರು ಎದ್ದು ಹೋದ ಮೇಲೆ ತಡೆಯುವವರು ಯಾರಿದ್ದರು? 1843ರಲ್ಲಿ, ಹೆಸರು ಬಂದು ಒಂಬತ್ತನೆಯ ವರ್ಷಕ್ಕೆ, ಅವರಿಗೆ ಆಕ್ಟರಾರ್ಡರಿನಲ್ಲೇ ದೀಕ್ಷೆಯಾಯಿತು. ಅದೇ ಊರಿನಲ್ಲಿ ಅಷ್ಟು ಹೊತ್ತಿಗೆ ಇನ್ನೊಂದು ಚರ್ಚೂ ಶುರುವಾಗಿತ್ತು.